ಒಂದು ಫೈಬರ್ ಕನೆಕ್ಷನ್, ನಾಲ್ಕು ಲ್ಯಾಪ್‌ಟಾಪ್: ಹಳೇ ಮೋಡೆಮ್ ಸೇರಿಸಿದ ಮೇಲೆ ನೆಟ್ ಬಂದು ಬಂದು ಹೋಗ್ತಿದೆ

ತುಂಗಾತೀರ:

ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಹಳ್ಳಿಮನೆ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು, ಒಂದೇ ಅಂತಸ್ತು, ಆದರೆ ಮನೆ ಉದ್ದ. 100 ಎಂಬಿಪಿಎಸ್ ಫೈಬರ್ ಇದೆ. ಒಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಜಗುಲಿಯಲ್ಲಿದೆ, ಅದರಲ್ಲೇ ವೈ-ಫೈ ಬರುತ್ತೆ, ಹಿಂದೆ ನೆಟ್ ಕೇಬಲ್ ಸಿಕ್ಕಿಸುವ ನಾಲ್ಕು ಲ್ಯಾನ್ ಪೋರ್ಟ್ ಇವೆ. ಓದುವ ಕೋಣೆ ಅಲ್ಲಿಂದ ಸುಮಾರು 18 ಮೀಟರ್ ದೂರ. ನಡುವೆ ಎರಡು ದಪ್ಪ ಗೋಡೆ ಇರುವುದರಿಂದ ಅಲ್ಲಿಗೆ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು.

ಲ್ಯಾಪ್‌ಟಾಪ್ ನಾಲ್ಕು. ಎರಡು ಆಫೀಸಿನವು, ದಿನವಿಡೀ ವಿಡಿಯೊ ಕಾಲ್. ಒಂದು ಮಗಳ ಕಾಲೇಜಿನದು. ಇನ್ನೊಂದು ತುಂಬಾ ಹಳೇದು, ಅದಕ್ಕೆ 5 ಗಿಗಾಹರ್ಟ್ಸ್ ವೈ-ಫೈ ಕಾಣಿಸುವುದೇ ಇಲ್ಲ.

ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದ ವೈ-ಫೈ ಮೋಡೆಮ್ ಒಂದು ಮನೆಯಲ್ಲಿತ್ತು. ಒಎನ್‌ಟಿಯ ಲ್ಯಾನ್ ಪೋರ್ಟಿನಿಂದ ಅದರ ಲ್ಯಾನ್ ಪೋರ್ಟಿಗೆ 25 ಮೀಟರ್ ರೆಡಿಮೇಡ್ ಕೇಬಲ್ ಎಳೆದು ಕೋಣೆಯಲ್ಲಿಟ್ಟಿದ್ದೇವೆ. ಈಗ ಸಿಗ್ನಲ್ ತುಂಬಾ ಇದೆ, ನೆಟ್ ಮಾತ್ರ ಬಂದರೆ ಬಂತು. ಹೆಚ್ಚಿನ ಹೊತ್ತು "ಕನೆಕ್ಟೆಡ್, ನೋ ಇಂಟರ್ನೆಟ್". ಈಗ ಜಗುಲಿಯಲ್ಲೂ ಹಾಗೇ ಆಗಲು ಶುರುವಾಗಿದೆ. ಕೇಬಲ್ ಕಿತ್ತರೆ ಜಗುಲಿಯದು ಸರಿಹೋಗುತ್ತೆ. ಎರಡೂ ಪೆಟ್ಟಿಗೆಯ ಸ್ಟಿಕರ್ ಮೇಲೆ 192.168.1.1 ಅಂತಲೇ ಬರೆದಿದೆ.

ಹಳೇ ಮೋಡೆಮ್ ಇದಕ್ಕೆ ಆಗುತ್ತಾ, ಅಥವಾ ನೆಟ್‌ವರ್ಕ್ ಸ್ವಿಚ್ ಇಲ್ಲವೇ ಹೊಸ ರೌಟರ್ ತರಬೇಕಾ? ಈ ಕೇಬಲ್ ಬದಲಿಸಿ ಕಾಯಂ ಆಗಿ ಹೊರಗೋಡೆಯ ಮೇಲೆ ಎಳೆಸುವ ಯೋಚನೆಯೂ ಇದೆ. ಮಳೆ, ಸಿಡಿಲಿನ ಊರು. ಏನು ಜಾಗ್ರತೆ ಬೇಕು?

ನೆಟ್‌ಜಾಲ_ಶಿವಮೊಗ್ಗ:

ಹಳೇ ಮೋಡೆಮ್ ಆಗುತ್ತೆ. ಕಾರಣ ನೀವು ಬರೆದ ಸ್ಟಿಕರಿನಲ್ಲೇ ಇದೆ.

ಎರಡು ಪೆಟ್ಟಿಗೆಗೂ ವಿಳಾಸ 192.168.1.1. ಲ್ಯಾಪ್‌ಟಾಪ್ "192.168.1.1 ಯಾರು?" ಎಂದು ಕೂಗಿದಾಗ ಎರಡೂ "ನಾನು" ಅನ್ನುತ್ತವೆ. ಒಎನ್‌ಟಿಯ ಉತ್ತರ ಹಿಡಿದುಕೊಂಡರೆ ನೆಟ್ ಓಡುತ್ತೆ, ಮೋಡೆಮಿನ ಉತ್ತರ ಹಿಡಿದುಕೊಂಡರೆ ದಾರಿ ಅಲ್ಲಿಗೇ ಮುಗೀತು, ಯಾಕಂದರೆ ಅದರ ಫೋನ್ ಲೈನ್ ಈಗ ಖಾಲಿ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಮತ್ತೆ ಕೇಳುತ್ತೆ, ಉತ್ತರ ಬದಲಾಗುತ್ತೆ. ಬಂದು ಬಂದು ಹೋಗುವುದು ಅದಕ್ಕೇ. ಇದರ ಜೊತೆ ಎರಡರಲ್ಲೂ ಡಿಎಚ್‌ಸಿಪಿ ಆನ್ ಇದೆ, ಅಂದರೆ ಐಪಿ ವಿಳಾಸ ಹಂಚುವ ಕೆಲಸ ಇಬ್ಬರೂ ಮಾಡುತ್ತಿದ್ದಾರೆ. ಒಂದೇ ವಿಳಾಸ ಎರಡು ಲ್ಯಾಪ್‌ಟಾಪಿಗೆ ಹೋದರೆ ಎರಡೂ ಒದ್ದಾಡುತ್ತವೆ. ಕೇಬಲ್ ಮೂಲಕ ಎರಡೂ ಕಡೆ ಒಂದೇ ನೆಟ್‌ವರ್ಕ್ ಆಗಿರುವುದರಿಂದ ಜಗುಲಿಗೂ ಅದೇ ಕಾಟ.

ಮನೆಯಲ್ಲಿ ವಿಳಾಸ ಹಂಚುವುದು ಒಎನ್‌ಟಿ ಒಂದೇ ಆಗಿರಬೇಕು. ಮೋಡೆಮನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಿ, ಅಂದರೆ ಕೇಬಲಿನಲ್ಲಿ ಬಂದ ನೆಟ್ಟನ್ನು ವೈ-ಫೈ ಆಗಿ ಕೊಡುವುದಷ್ಟೇ ಅದರ ಕೆಲಸ. ಕ್ರಮ ತಪ್ಪಿಸಬೇಡಿ, ತಪ್ಪಿದರೆ ಮೋಡೆಮಿನ ಸೆಟ್ಟಿಂಗ್ ಪುಟವೇ ಸಿಗದೆ ರೀಸೆಟ್ ಮಾಡಬೇಕಾಗುತ್ತೆ.

ಮೊದಲು ಉದ್ದ ಕೇಬಲ್ ಕಿತ್ತಿಡಿ. ಒಂದು ಲ್ಯಾಪ್‌ಟಾಪನ್ನು ಚಿಕ್ಕ ಲ್ಯಾನ್ ಕೇಬಲಿನಿಂದ ಮೋಡೆಮಿಗೆ ಹಾಕಿ, ಆ ಲ್ಯಾಪ್‌ಟಾಪಿನ ವೈ-ಫೈ ಆಫ್ ಮಾಡಿ. ವೈ-ಫೈ ಆನ್ ಇದ್ದರೆ 192.168.1.1 ಎಂದು ಹೊಡೆದಾಗ ಒಎನ್‌ಟಿಯ ಪುಟ ತೆರೆದುಕೊಂಡು, ತಪ್ಪು ಪೆಟ್ಟಿಗೆಯಲ್ಲಿ ಸೆಟ್ಟಿಂಗ್ ಬದಲಿಸಿಬಿಡುತ್ತೀರಿ.

ಲಾಗಿನ್ ಆದ ಮೇಲೆ ವೈ-ಫೈ ಕೆಲಸ ಮೊದಲು ಮುಗಿಸಿ: ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಡಬ್ಲ್ಯುಪಿಎ2 ಎಇಎಸ್. ಹಳೇ ಮೋಡೆಮುಗಳಲ್ಲಿ ಟಿಕೆಐಪಿ ಅಥವಾ ಡಬ್ಲ್ಯುಇಪಿ ಎಂಬ ಹಳೇ ಸೆಕ್ಯುರಿಟಿ ಉಳಿದಿರುತ್ತೆ. ಅದು ಸುರಕ್ಷಿತವಲ್ಲ, ಸಾಲದ್ದಕ್ಕೆ ವೈ-ಫೈ ವೇಗವನ್ನು 54 ಎಂಬಿಪಿಎಸ್‌ಗೆ ಕಟ್ಟಿಹಾಕುತ್ತೆ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಹೊಡೆಯದೆ ಗುಂಡಿ ಅಥವಾ ಪಿನ್‌ನಿಂದ ಸೇರಿಸುವ ಸೌಲಭ್ಯ) ಆಫ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಆಮೇಲೆ ಲ್ಯಾನ್ ಸೆಟ್ಟಿಂಗ್‌ನಲ್ಲಿ ಮೋಡೆಮಿನ ಐಪಿಯನ್ನು 192.168.1.2 ಮಾಡಿ, ಮಾಸ್ಕ್ 255.255.255.0 ಹಾಗೇ ಇರಲಿ. ಸೇವ್ ಆಗುತ್ತಲೇ ಪುಟ ನಿಂತುಹೋಗುತ್ತೆ. ಗಾಬರಿ ಬೇಡ, ಕೇಬಲ್ ಒಮ್ಮೆ ಕಿತ್ತು ಹಾಕಿ, ಈ ಸಲ 192.168.1.2 ತೆರೆಯಿರಿ. ಡಿಎಚ್‌ಸಿಪಿ ಆಫ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಆಫ್ ಆದ ಕೂಡಲೇ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರಿಲ್ಲದೆ 169.254 ಎಂದು ಶುರುವಾಗುವ ಐಪಿ ಕಾಣುತ್ತೆ. ಅದು ಕೆಟ್ಟಿರುವ ಲಕ್ಷಣವಲ್ಲ, ಆಗಬೇಕಾದ್ದೇ ಅದು.

ಈಗ ಒಎನ್‌ಟಿಯ ಪುಟಕ್ಕೆ ಹೋಗಿ ಡಿಎಚ್‌ಸಿಪಿ ರೇಂಜ್ ನೋಡಿ. 192.168.1.2ರಿಂದ ಶುರುವಾಗಿದ್ದರೆ ಅದನ್ನು 192.168.1.10ರಿಂದ 200ರವರೆಗೆ ಮಾಡಿ. ಇಲ್ಲವಾದರೆ ಒಂದು ದಿನ ಅದೇ 2ನ್ನು ಯಾವುದೋ ಫೋನಿಗೆ ಕೊಟ್ಟು, ಇದೇ ರಗಳೆ ಮರುಕಳಿಸುತ್ತೆ. ಕೊನೆಗೆ ಉದ್ದ ಕೇಬಲ್ ಲ್ಯಾನ್‌ನಿಂದ ಲ್ಯಾನ್‌ಗೆ ಹಾಕಿ. ಮೋಡೆಮಿನ ಫೋನ್ ಲೈನ್ ತೂತು ಖಾಲಿಯೇ ಇರಲಿ. ಎಲ್ಲ ಲ್ಯಾಪ್‌ಟಾಪಿನ ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಸ್ವಿಚ್ ಬರೀ ಪೋರ್ಟ್ ಹೆಚ್ಚಿಸುತ್ತೆ, ವಿಳಾಸ ಹಂಚುವುದಿಲ್ಲ. ನಿಮ್ಮ ಒಎನ್‌ಟಿ ತಾನೇ ರೌಟರ್ ಕೆಲಸ ಮಾಡುತ್ತಿರುವುದರಿಂದ ಅದರ ಮುಂದೆ ಸ್ವಿಚ್ ಹಾಕಿದರೆ ಕೆಲಸ ಮಾಡುತ್ತೆ, ಆದರೆ ಮೋಡೆಮಿನಲ್ಲೇ ಇನ್ನೂ ಲ್ಯಾನ್ ಪೋರ್ಟ್ ಖಾಲಿ ಇದ್ದರೆ ದುಡ್ಡು ಯಾಕೆ? ಒಎನ್‌ಟಿ ಬ್ರಿಡ್ಜ್ ಮೋಡ್‌ನಲ್ಲಿರುವ (ರೌಟರ್ ಕೆಲಸ ಮಾಡದೆ ನೆಟ್ಟನ್ನು ಹಾಗೇ ದಾಟಿಸುವ) ಮನೆಯವರು ಇದನ್ನು ಓದುತ್ತಿದ್ದರೆ ಗಮನಿಸಿ: ಅಲ್ಲಿ ಪಿಪಿಪಿಒಇ ಲಾಗಿನ್ (ನೆಟ್ ಕಂಪನಿ ಕೊಟ್ಟ ಹೆಸರು, ಪಾಸ್‌ವರ್ಡ್) ಸಾಮಾನ್ಯವಾಗಿ ಒಂದು ಸಾಧನಕ್ಕೆ ಮಾತ್ರ. ಸ್ವಿಚ್ ಹಾಕಿ ನಾಲ್ಕು ಲ್ಯಾಪ್‌ಟಾಪ್ ಸಿಕ್ಕಿಸಿದರೆ ಒಂದಕ್ಕೆ ಮಾತ್ರ ನೆಟ್. ರೌಟರ್ ಬೇಕೇ ಬೇಕು.

ಹೊಸದು ಕೊಳ್ಳುವುದಾದರೆ ಡ್ಯುಯಲ್ ಬ್ಯಾಂಡ್ (2.4, 5 ಗಿಗಾಹರ್ಟ್ಸ್ ಎರಡೂ), ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್, "ಆಕ್ಸೆಸ್ ಪಾಯಿಂಟ್ ಮೋಡ್" ಈ ಮೂರೂ ಇರುವುದನ್ನೇ ನೋಡಿ. ರೇಂಜ್ ಎಕ್ಸ್‌ಟೆಂಡರ್ ಬೇಡ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ವೇಗ ಅರ್ಧಕ್ಕೆ ಬೀಳುತ್ತೆ. ಕೇಬಲ್ ಎಳೆಯಲು ಆಗುವ ಮನೆಯಲ್ಲಿ ಅದರ ಅಗತ್ಯವೇ ಇಲ್ಲ.

ತಂತಿ_ಹುಬ್ಬಳ್ಳಿ:

ಸೆಟ್ಟಿಂಗ್ ಬಗ್ಗೆ ಮ್ಯಾಲಿನವರು ಹೇಳಿದ್ದು ಬರೋಬರಿ ಐತಿ. ನಾ ಕೇಬಲ್ ಬಗ್ಗೆ ಹೇಳ್ತೀನಿ, ಯಾಕಂದ್ರ ವರ್ಷ ಕಳದ ಮ್ಯಾಲೆ ಕೈ ಕೊಡೋದು ಅದನ.

ಕ್ಯಾಟ್ 6 ಅನ್ನೋ ಲ್ಯಾನ್ ಕೇಬಲ್ ತಗೋರಿ, ಪೂರ್ತಿ ತಾಮ್ರದ್ದು. ಅಂಗಡ್ಯಾಗ ಸಿಸಿಎ ಅಂತ ಅಗ್ಗದ್ದು ಕೊಡ್ತಾರ, ಒಳಗ ಅಲ್ಯೂಮಿನಿಯಂ, ಮ್ಯಾಲೆ ತಾಮ್ರದ ಲೇಪ. ಒಂದು ಎಳಿ ತಗೊಂಡು ಬ್ಲೇಡಿನಿಂದ ಕೆರೀರಿ. ಕೆಂಪು ಹೋಗಿ ಬೆಳ್ಳಗ ಹೊಳದ್ರ ವಾಪಸ್ ಕೊಡ್ರಿ. ಎರಡು ಸಲ ಬಗ್ಗಿಸಿದ್ರ ಒಳಗ ಮುರೀತದ.

ಹೊರಗೋಡಿ ಮ್ಯಾಲೆ ಎಳೆಯೋದಾದ್ರ ಕರೀ ಹೊರಕವಚದ ಔಟ್‌ಡೋರ್ ಕೇಬಲ್ ಹಾಕ್ರಿ, ಇಲ್ಲಂದ್ರ 20 ಎಂಎಂ ಪಿವಿಸಿ ಪೈಪ್. ಸಾದಾ ಬೂದಿ ಬಣ್ಣದ ಕೇಬಲ್ ಬಿಸಿಲಿಗೆ ಬಿರುಕು ಬಿಟ್ಟು ಒಳಗ ನೀರು ಇಳೀತದ. ಇಲಿ, ಅಳಿಲು ಕಡಿಯೋ ಜಾಗಾ ಇದ್ರ ಪೈಪೇ ಬೇಕು. ಗೋಡಿ ತೂತಿನ ಹತ್ರ ಕೇಬಲ್ ಒಂದು ಗೇಣು ಕೆಳಗ ಜೋತು ಬಿಟ್ಟು, ಆಮ್ಯಾಲೆ ಮ್ಯಾಲೆತ್ತಿ ಒಳಗ ತಗೋರಿ. ಮಳಿ ನೀರು ಆ ಬಾಗಿನ್ಯಾಗ ತೊಟ್ಟಿಕ್ಕಿ ಹೋಗ್ತದ, ಮನಿಯೊಳಗ ಬರಂಗಿಲ್ಲ. ಕರೆಂಟ್ ವೈರ್ ಇರೋ ಪೈಪಿನ್ಯಾಗ ಇದನ್ನ ಸೇರಿಸಬ್ಯಾಡ್ರಿ.

ಕೇಬಲ್ ಎಳದ ಮ್ಯಾಲೆ ಕನೆಕ್ಟರ್ ಕ್ರಿಂಪ್ ಮಾಡ್ರಿ, ಅಂದ್ರ ಇಕ್ಕಳದಿಂದ ಒತ್ತಿ ಕೂಡಿಸ್ರಿ. ಎರಡೂ ತುದಿಗೆ ಒಂದೇ ಕ್ರಮ. ಕನೆಕ್ಟರಿನ ಕ್ಲಿಪ್ ಕೆಳಗ ಇಟ್ಟು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹುರಿ ಬಿಚ್ಚೋದು ಅರ್ಧ ಇಂಚಿಗಿಂತ ಜಾಸ್ತಿ ಬ್ಯಾಡ. ಹೊರಗಿನ ಕವಚ ಕನೆಕ್ಟರಿನೊಳಗ ಹೋಗಿ ಅದರ ಹಲ್ಲಿನ ಕೆಳಗ ಕೂಡಬೇಕು. ಬರೇ ಎಂಟು ಎಳಿ ಮ್ಯಾಲೆ ಜೋತು ಬಿದ್ದಿದ್ರ ನಾಲ್ಕು ಸಲ ಕಿತ್ತು ಹಾಕೋದ್ರಾಗ ಬಿಟ್ಟು ಬರ್ತದ.

100 ಎಂಬಿಪಿಎಸ್‌ಗೆ 1, 2, 3, 6ನೇ ಎಳಿ ನಾಲ್ಕೇ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿ ಕಟ್ ಆಗಿದ್ರ ನೆಟ್ ನಿಲ್ಲಂಗಿಲ್ಲ, ಸುಮ್ನ 100ಕ್ಕ ಇಳೀತದ, ಯಾರಿಗೂ ಗೊತ್ತಾಗಂಗಿಲ್ಲ. ಸಾದಾ ಲ್ಯಾನ್ ಟೆಸ್ಟರ್ ಹಚ್ಚಿ ಎಂಟೂ ಲೈಟ್ ಎರಡೂ ಕಡೆ ಸಾಲಾಗಿ ಬರ್ತಾವೇನು ನೋಡ್ರಿ.

ಸಿಡಿಲಿನ ವಿಷಯ. ಫೈಬರಿನ ಗಾಜು ಕರೆಂಟ್ ಒಯ್ಯಂಗಿಲ್ಲ, ಆದ್ರ ಕಂಬದಿಂದ ಮನಿಗೆ ಬರೋ ಭಾಳ ಡ್ರಾಪ್ ಕೇಬಲಿನ ಮಗ್ಗಲಕ್ಕ ಉಕ್ಕಿನ ತಂತಿ ಇರ್ತದ. ಅದನ್ನ ಹೊರಗೋಡಿ ಕೊಕ್ಕಿಗೆ ಕಟ್ಟಿ ಅಲ್ಲೇ ಕತ್ತರಿಸಬೇಕು, ಒಎನ್‌ಟಿ ತನಕ ಒಳಗ ತರಬಾರದು. ನಿಮ್ಮ 25 ಮೀಟರ್ ಲ್ಯಾನ್ ತಾಮ್ರದ್ದು, ಹತ್ರ ಸಿಡಿಲು ಬಿದ್ರ ಅದರಾಗೂ ಝಟಕಾ ಹುಟ್ಟಿ ಎರಡೂ ಪೆಟ್ಟಿಗಿ ಪೋರ್ಟ್ ಸುಡ್ತಾವ. ಮೋಡ ಕಟ್ಟಿದಾಗಲೇ ಅಡಾಪ್ಟರ್ ಮತ್ತ ಲ್ಯಾನ್ ಎರಡೂ ಕೀಳ್ರಿ. ಗುಡುಗು ಶುರುವಾದ ಮ್ಯಾಲೆ ಮುಟ್ಟಬ್ಯಾಡ್ರಿ. ಅರ್ಥಿಂಗ್ ಸರಿ ಇಲ್ಲದ ಪಾಯಿಂಟಿನ್ಯಾಗ ಸರ್ಜ್ ಪ್ರೊಟೆಕ್ಟರ್ ನಂಬಬ್ಯಾಡ್ರಿ. ಪೂರ್ತಿ ಬಂದೋಬಸ್ತ್ ಬೇಕಂದ್ರ ಆ 25 ಮೀಟರಿಗೆ ಉಕ್ಕಿಲ್ಲದ ಫೈಬರ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನ ಲ್ಯಾನ್‌ಗೆ ಬದಲಿಸೋ ಪೆಟ್ಟಿಗಿ) ಹಾಕ್ರಿ.

ಅಲೆಗಾರ:

ವೈ-ಫೈ ಬಗ್ಗೆ ಎರಡು ಮಾತು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಒಎನ್‌ಟಿಗೆ 1, ಮೋಡೆಮಿಗೆ 11 ಕೊಡಿ, "ಆಟೋ" ಬೇಡ. ಅಗಲ 20 ಮೆಗಾಹರ್ಟ್ಸ್. ಎರಡಕ್ಕೂ ಒಂದೇ ಹೆಸರು, ಪಾಸ್‌ವರ್ಡ್ ಇಟ್ಟರೆ ಲ್ಯಾಪ್‌ಟಾಪ್ ತಾನೇ ಬದಲಿಸಿಕೊಳ್ಳುತ್ತೆ, ಆದರೆ ಕೆಲವು ಹಳೆಯವು ದೂರದ್ದನ್ನೇ ಕಚ್ಚಿಕೊಂಡು ಕೂರುತ್ತವೆ. ಅಂಥದ್ದಿದ್ದರೆ ಹೆಸರು ಬೇರೆ ಮಾಡಿ. ಹಳೇ ಲ್ಯಾಪ್‌ಟಾಪಿಗೆ ಡಬ್ಲ್ಯುಪಿಎ3 ಎಂಬ ಹೊಸ ಸೆಕ್ಯುರಿಟಿ ಗೊತ್ತಿರುವುದಿಲ್ಲ, ಒಎನ್‌ಟಿಯಲ್ಲಿ ಅದೊಂದೇ ಇದ್ದರೆ ಡಬ್ಲ್ಯುಪಿಎ2ಗೆ ಇಳಿಸಿ.

ವಿಡಿಯೊ ಕಾಲ್ ಮಾಡುವ ಎರಡು ಲ್ಯಾಪ್‌ಟಾಪನ್ನು ವೈ-ಫೈನಲ್ಲಿ ಇಡಲೇಬೇಡಿ, ಲ್ಯಾನ್ ಕೇಬಲ್ ಹಾಕಿ. ಲ್ಯಾನ್ ತೂತಿಲ್ಲದ ತೆಳು ಲ್ಯಾಪ್‌ಟಾಪಿಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಿಗುತ್ತೆ, ಯುಎಸ್‌ಬಿ 3.0ದ್ದು ತೊಗೊಳ್ಳಿ. ಒಂದು ಕಾಲ್‌ಗೆ 3–4 ಎಂಬಿಪಿಎಸ್ ಸಾಕು, 100ರಲ್ಲಿ ಅದು ಏನೂ ಅಲ್ಲ. ಕಾಲ್ ತುಂಡಾಗುವುದು ಯಾರೋ ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗ, ಅಪ್‌ಲೋಡ್ ಸಾಲು ತುಂಬಿ ಕಾಲ್‌ನ ಪ್ಯಾಕೆಟ್ ಅದರ ಹಿಂದೆ ಕಾಯುವುದರಿಂದ. ಒಎನ್‌ಟಿಯಲ್ಲಿ ಕ್ಯುಒಎಸ್ (ಯಾವುದಕ್ಕೆ ಎಷ್ಟು ವೇಗ ಎಂದು ಹಂಚುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ 85–90 ಶೇಕಡಾಕ್ಕೆ ಕಟ್ಟಿ. ಇಲ್ಲದಿದ್ದರೆ ಕ್ಲೌಡ್ ಬ್ಯಾಕಪ್ ಆ್ಯಪ್‌ಗಳಲ್ಲೇ ಅಪ್‌ಲೋಡ್ ಮಿತಿ ಹಾಕಲು ಬರುತ್ತೆ.

ಕರೆಂಟ್ ಹೋದಾಗ ಎರಡೂ ಪೆಟ್ಟಿಗೆ ಉಳಿಯಬೇಕು, ಒಂದು ಉಳಿದು ಪ್ರಯೋಜನವಿಲ್ಲ. ಮಿನಿ ಯುಪಿಎಸ್ ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್ ಓದಿ: ಒಎನ್‌ಟಿ ಹೆಚ್ಚಾಗಿ 12 ವೋಲ್ಟ್, ಹಳೇ ಮೋಡೆಮ್ 9 ಅಥವಾ 12 ಇರಬಹುದು. 9ರದ್ದಕ್ಕೆ 12 ಕೊಟ್ಟರೆ ಸುಡುತ್ತೆ. ಯುಪಿಎಸ್ ಮೇಲಿನ 8800 ಎಂಎಎಚ್ 3.7 ವೋಲ್ಟ್ ಸೆಲ್‌ನ ಲೆಕ್ಕ, ಅಂದರೆ ಸುಮಾರು 32 ವ್ಯಾಟ್-ಅವರ್. 8 ವ್ಯಾಟ್ ತಿನ್ನುವ ಒಎನ್‌ಟಿಗೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ ಬರಬಹುದು.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಮಾಡಿದೆವು. ಒಎನ್‌ಟಿ ರೇಂಜ್ ನಿಜವಾಗಿಯೂ 2ರಿಂದಲೇ ಶುರುವಾಗಿತ್ತು, 10 ಮಾಡಿದೆ. ನಾಲ್ಕೂ ಲ್ಯಾಪ್‌ಟಾಪಿಗೆ ನೆಟ್ ಬರ್ತಿದೆ. ಸದ್ಯ ಅದೇ ರೆಡಿಮೇಡ್ ಕೇಬಲ್ ಇದೆ, ಮಳೆಗಾಲದೊಳಗೆ ಪೈಪ್ ಹಾಕಿಸುತ್ತೇವೆ. ಎರಡು ಅನುಮಾನ ಉಳಿದಿವೆ. ಕೋಣೆಯಲ್ಲಿ ಲ್ಯಾನ್‌ನಲ್ಲಿ 94 ಎಂಬಿಪಿಎಸ್ ಬರುತ್ತೆ, ಅದೇ ಮೋಡೆಮಿನ ವೈ-ಫೈನಲ್ಲಿ 38. ಇನ್ನೊಂದು, ಜಗುಲಿಯಲ್ಲಿ ಹೊಸ ಲ್ಯಾಪ್‌ಟಾಪನ್ನು ಒಂದು ಮೀಟರ್ ಕೇಬಲ್‌ನಲ್ಲಿ ನೇರ ಒಎನ್‌ಟಿಗೆ ಹಾಕಿದರೂ ಲಿಂಕ್ ಸ್ಪೀಡ್ 100 ಅಂತಲೇ ತೋರಿಸುತ್ತೆ, 1000 ಬರಲ್ಲ. ಕೇಬಲ್ ಕೆಟ್ಟಿದೆಯಾ?

ನೆಟ್‌ಜಾಲ_ಶಿವಮೊಗ್ಗ:

94 ಅಂದರೆ ಪೂರ್ತಿ ಬಂದ ಹಾಗೆ. 100ರ ಲಿಂಕಿನಲ್ಲಿ ಪ್ಯಾಕೆಟ್ಟಿನ ತಲೆಪಟ್ಟಿಗಳ ಭಾರ ಕಳೆದು ಉಳಿಯುವುದು ಅಷ್ಟೇ. ವೈ-ಫೈ 38 ಕೂಡ ಆ ಮೋಡೆಮಿಗೆ ಸರಿಯಾದದ್ದೇ. ಒಂದು ಆಂಟೆನಾದ 2.4 ರೇಡಿಯೊ ಪೆಟ್ಟಿಗೆ ಮೇಲೆ 150 ಎಂದು ಬರೆದುಕೊಂಡಿದ್ದರೂ ಅದು 40 ಮೆಗಾಹರ್ಟ್ಸ್ ಅಗಲದ ಲೆಕ್ಕ. 20ರಲ್ಲಿ ಲಿಂಕ್ 72, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಅಗಲವನ್ನು 40 ಮಾಡಲು ಹೋಗಬೇಡಿ, 2.4ರಲ್ಲಿ ಬೇರೆ ಸಿಗ್ನಲ್‌ಗಳ ಜೊತೆ ತಿಕ್ಕಾಟ ಹೆಚ್ಚುತ್ತೆ.

ಜಗುಲಿಯದಕ್ಕೆ, ಒಎನ್‌ಟಿಯ ಹಿಂದೆ ಪೋರ್ಟಿನ ಹೆಸರು ಟಾರ್ಚ್ ಹಿಡಿದು ಓದಿ. ಬಹಳಷ್ಟು ಒಎನ್‌ಟಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ಟಿನದು, "ಜಿಇ" ಎಂದೋ ಬೇರೆ ಬಣ್ಣದಲ್ಲೋ ಇರುತ್ತೆ, ಉಳಿದವು "ಎಫ್‌ಇ", 100ರವು. ಜಿಇಗೆ ಹಾಕಿಯೂ 100 ಬಂದರೆ ಆಗ ಕೇಬಲ್ ಬದಲಿಸಿ ನೋಡಿ. ನಿಮ್ಮ ಪ್ಲಾನೇ 100ರದ್ದಾದ್ದರಿಂದ ಸದ್ಯಕ್ಕೆ ನಷ್ಟವೇನಿಲ್ಲ. ಮುಂದೆ ಕೋಣೆಗೆ ಹೊಸ ರೌಟರ್ ತಂದ ದಿನ ಉದ್ದ ಕೇಬಲನ್ನು ಆ ಜಿಇ ಪೋರ್ಟಿಗೇ ಹಾಕಿ.