ದಿನಕ್ಕೆ 3 ಟನ್ ಹಸಿ ಕಸ: ‘24 ಗಂಟೆಯ ಗೊಬ್ಬರ ಯಂತ್ರ’ ಕೊಳ್ಳೋದಾ, ಶೆಡ್ ಕಟ್ಟೋದಾ?

ಹಳ್ಳದ_ದಂಡೆ:
ಮಲೆನಾಡಿನ ಒಂದು ಪಟ್ಟಣ ಪಂಚಾಯಿತಿ. ದಿನಕ್ಕೆ ಸುಮಾರು 3 ಟನ್ ಹಸಿ ಕಸ. ಈಗ ಬಯಲಲ್ಲೇ ರಾಶಿ ಸುರಿಯುತ್ತಾರೆ. ಜೂನ್ ಬಂತೆಂದರೆ ನಾತ, ಹುಳ, ಕಪ್ಪು ನೀರೆಲ್ಲ ಹಳ್ಳಕ್ಕೆ. ಅನುದಾನ ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುತ್ತೆ: ಒಂದೇ ದಿನದಲ್ಲಿ ಗೊಬ್ಬರ ಕೊಡುತ್ತೆ ಅನ್ನೋ ಡ್ರಮ್ ಯಂತ್ರ, ಇಲ್ಲವೇ ಕಸವನ್ನು ರಾಶಿ ಹಾಕಿ ಕೊಳೆಸಲು ಚಾವಣಿ ಹಾಕಿದ ಶೆಡ್. ಯಾವುದು ಸರಿ?

ರಾಶಿಬಿಸಿ:
ಶೆಡ್. ಯಾಕೆ ಅಂತ ಲೆಕ್ಕ ಹಾಕಿಯೇ ನೋಡಿ. ಒಂದು ಟನ್ ಹಸಿ ಕಸದಲ್ಲಿ ಮುಕ್ಕಾಲು ಪಾಲು ನೀರು ಎಂದುಕೊಳ್ಳಿ. ಅದನ್ನು ಶೇ 25 ತೇವಕ್ಕೆ ಇಳಿಸಬೇಕಾದರೆ ಸುಮಾರು 667 ಕೆ.ಜಿ. ನೀರು ಆವಿಯಾಗಬೇಕು. ಒಂದು ಕೆ.ಜಿ. ನೀರು ಆವಿಯಾಗಲು 0.63 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಅಂದರೆ ಟನ್ನಿಗೆ 420 ಯೂನಿಟ್, 3 ಟನ್ನಿಗೆ ದಿನಕ್ಕೆ 1,250 ಯೂನಿಟ್ ಹತ್ತಿರ. ಇದು ಕನಿಷ್ಠ, ಡ್ರಮ್ ತಿರುಗಿಸುವ ಮೋಟರ್ ಬೇರೆ. ರಾಶಿಯಲ್ಲಿ ಇದೇ ಶಾಖವನ್ನು ಸೂಕ್ಷ್ಮಾಣುಗಳು ಕರೆಂಟ್ ಬಿಲ್ ಇಲ್ಲದೆ ಕೊಡುತ್ತವೆ.

ಇಷ್ಟಾದರೂ ಡ್ರಮ್ಮಿನಿಂದ ಬರೋದು ಗೊಬ್ಬರವಲ್ಲ, ಒಣಗಿದ ಕಸ. ಒಂದು ಹಿಡಿ ತೆಗೆದು ನೀರು ಚಿಮುಕಿಸಿ, ಕವರಿನಲ್ಲಿ ಕಟ್ಟಿ 3 ದಿನ ಇಡಿ. ಹುಳಿ ನಾತ ಬಂದರೆ ಕೊಳೆಯುವ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ. ಅಂಥದ್ದನ್ನು ಸಸಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತೆ. ದುಡ್ಡು ಕೊಡೋ ಮುಂಚೆ ಮಾರೋರ ಎದುರಲ್ಲೇ ಈ ಪರೀಕ್ಷೆ ಮಾಡಿ.

ಪೌರಸೇವೆ:
ಶೆಡ್ಡಿನ ಅಳತೆ. 3 ಟನ್ ಅಂದರೆ ಸುಮಾರು 6 ಘನ ಮೀಟರ್. ಮೂರು ಬುಟ್ಟಿ ಕಸಕ್ಕೆ ಒಂದು ಬುಟ್ಟಿ ಅಡಿಕೆ ಸಿಪ್ಪೆ ಅಥವಾ ತರಗೆಲೆ ಸೇರಿಸಿದರೆ 8 ಆಗುತ್ತೆ. ಬುಡದಲ್ಲಿ 3 ಮೀಟರ್ ಅಗಲ, 1.5 ಮೀಟರ್ ಎತ್ತರದ ರಾಶಿಯಾದರೆ ವಾರಕ್ಕೆ 18–20 ಮೀಟರ್ ಉದ್ದ ಬೇಕು. ನಾಲ್ಕು ವಾರದ ನಾಲ್ಕು ರಾಶಿ, ಮಗುಚಲು ಒಂದು ಖಾಲಿ ಸಾಲು, ಜೆಸಿಬಿ ಓಡಾಡೋ ದಾರಿ: 20 × 25 ಮೀಟರ್ ಇದ್ದರೆ ಕೆಲಸ ಆಗುತ್ತೆ.

ಎತ್ತರ ಹೆಚ್ಚಿಸಿ ಜಾಗ ಉಳಿಸೋಣ ಅಂತ ಹೋಗಬೇಡಿ. 2 ಮೀಟರ್ ದಾಟಿದರೆ ತನ್ನ ಭಾರಕ್ಕೇ ರಾಶಿಯ ಒಳಗಿನ ಸಂದು ಮುಚ್ಚಿ, ಗಾಳಿ ನಿಂತು, ನಾತ ಶುರುವಾಗುತ್ತೆ.

ಮಲೆನಾಡಲ್ಲಿ ನೀವು ನೋಡೋ ಕಪ್ಪು ನೀರಲ್ಲಿ ಬಹುಪಾಲು ಮಳೆನೀರೇ. ಅದಕ್ಕೆ ನೆಲ ಸುತ್ತಲಿನ ಮಟ್ಟಕ್ಕಿಂತ 20 ಸೆಂ.ಮೀ. ಎತ್ತರ, ಶೇ 1–2 ಇಳಿಜಾರು, ಗಾಳಿಮಳೆ ಬರೋ ಕಡೆ ಇರಚಲು ಹೊಡೆಯದಂತೆ ಸೂರು ಉದ್ದ ಇರಲಿ. ಚಾವಣಿಯ ನೀರು ಹೋಗೋ ಚರಂಡಿ ಬೇರೆ, ಕಸದ ರಸದ ಚರಂಡಿ ಬೇರೆ. ಒಂದಾದರೆ ರಸ ಹಿಡಿಯೋ ತೊಟ್ಟಿ ಒಂದೇ ಮಳೆಗೆ ತುಂಬುತ್ತೆ. ಆ ರಸವನ್ನು ಮೊದಲ ವಾರದ ರಾಶಿಗೆ ಮಾತ್ರ ಚಿಮುಕಿಸಿ. ಮಾಗಿದ ಗೊಬ್ಬರಕ್ಕೆ ಹಾಕಿದರೆ ಸತ್ತ ರೋಗಾಣು ಮತ್ತೆ ಬಂದ ಹಾಗೆ.

ರಾಶಿಬಿಸಿ:
ಉದ್ದ ಕಡ್ಡಿಯ ಥರ್ಮಾಮೀಟರ್ ತಗೊಳ್ಳಿ, ಇಡೀ ಯೋಜನೆಯಲ್ಲಿ ಅಗ್ಗದ ಸಾಮಾನು ಅದೇ. ಒಳಗೆ 55–65 ಡಿಗ್ರಿ ಇರಬೇಕು. 70 ಆದರೆ ಕೂಡಲೇ ಮಗುಚಿ. ಮೊದಲ ವಾರ 45 ದಾಟದಿದ್ದರೆ ಮುಷ್ಟಿಯಲ್ಲಿ ಹಿಂಡಿ ನೋಡಿ: ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಸಿಪ್ಪೆ ಸಾಲದು, ಪುಡಿ ಉದುರಿದರೆ ನೀರು ಸಾಲದು. ವಾರಕ್ಕೊಮ್ಮೆ ಪಕ್ಕದ ಖಾಲಿ ಸಾಲಿಗೆ ಮಗುಚುವಾಗ ಹೊರಗಿನದು ಒಳಗೆ ಹೋಗಲೇಬೇಕು. ನೊಣದ ಮೊಟ್ಟೆ ಇರೋದು ಹೊರಪದರದಲ್ಲೇ. ಹೊಸ ರಾಶಿಯ ಮೇಲೆ 5–8 ಸೆಂ.ಮೀ. ಹಳೇ ಗೊಬ್ಬರ ಹೊದಿಸಿ, ನಾತ ಅಲ್ಲೇ ತಡೆಯುತ್ತೆ.

28 ದಿನದ ಮೇಲೆ ಇನ್ನೂ 3 ವಾರ ಮಾಗಲಿ. ಆಮೇಲೆ 4 ಮಿ.ಮೀ. ಜರಡಿ. ಒದ್ದೆ ಇದ್ದಾಗ ಹಿಡಿದರೆ ಕಣ್ಣು ಕಟ್ಟಿಕೊಳ್ಳುತ್ತೆ, ಜುಲೈ–ಆಗಸ್ಟಿನಲ್ಲಿ ಜರಡಿಯ ಹಟ ಬೇಡ. ದಿನಕ್ಕೆ 450–600 ಕೆ.ಜಿ. ಸಿಗಬಹುದು.

ಹಳ್ಳದ_ದಂಡೆ:
ಮಳೆಗಾಲದ 4 ತಿಂಗಳಿಗೆ ಅಷ್ಟೊಂದು ಸಿಪ್ಪೆ ಎಲ್ಲಿಂದ ತರೋದು?

ಪೌರಸೇವೆ:
ದಿನಕ್ಕೆ 2 ಘನ ಮೀಟರ್ ಅಂದರೆ 240 ಘನ ಮೀಟರ್, ನಿಜ. ಆದರೆ ಅಡಿಕೆ ಸಿಪ್ಪೆ ಒಂದೇ ಸಲಕ್ಕೆ ಕೊಳೆಯಲ್ಲ, ಜರಡಿ ಮೇಲೆ ಉಳಿಯುತ್ತೆ. ಅದನ್ನೇ ಮತ್ತೆ ಹೊಸ ಕಸಕ್ಕೆ ಬೆರೆಸಿ, ಹೆಪ್ಪಿನ ಕೆಲಸವನ್ನೂ ಮಾಡುತ್ತೆ. ಉಳಿದದ್ದಕ್ಕೆ ಸುಗ್ಗಿಯಲ್ಲೇ ಬೆಳೆಗಾರರ ಜೊತೆ ಮಾತಾಡಿ. ರಸ್ತೆ ಬದಿಯಲ್ಲಿ ಸುಟ್ಟು ಊರೆಲ್ಲ ಹೊಗೆ ಮಾಡೋ ಸಿಪ್ಪೆ ಅದು, ಟಿಪ್ಪರ್ ಕಳಿಸಿದರೆ ಸಂತೋಷವಾಗಿ ಕೊಡೋರು ಇದ್ದಾರೆ. ಒಂದು ಮೂಲೆಯಲ್ಲಿ ಟಾರ್ಪಾಲ್ ಅಡಿ ಒಣಗಿಸಿಡಿ.

ತೂಕದ_ಚೀಟಿ:
ಒಂದು ಸೇರಿಸುತ್ತೇನೆ. ಮನೆ ಬಾಗಿಲಲ್ಲೇ ಬೇರೆಯಾಗದಿದ್ದರೆ ಶೆಡ್ಡೂ ವ್ಯರ್ಥ. ಬ್ಯಾಟರಿ, ಟ್ಯೂಬ್‌ಲೈಟ್, ಬಣ್ಣದ ಡಬ್ಬಿ ಬೆರೆತರೆ ಸೀಸ, ಕ್ಯಾಡ್ಮಿಯಂ ಗೊಬ್ಬರಕ್ಕಿಳಿಯುತ್ತೆ, ಯಾವ ಜರಡಿಯಲ್ಲೂ ಹೋಗಲ್ಲ. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟಿಗೆ ಸೀಸದ ಮಿತಿ ಕೆ.ಜಿ.ಗೆ 100 ಮಿ.ಗ್ರಾಂ., ಕ್ಯಾಡ್ಮಿಯಂ 5. ಪ್ರಯೋಗಾಲಯದ ವರದಿ ಇಲ್ಲದೆ ರೈತರಿಗೆ ಕೊಡಬೇಡಿ.

ಒಣ ಕಸವನ್ನು ವಾರಕ್ಕೆ ಎರಡೇ ದಿನ ಎತ್ತಿದರೆ ಬೆರಕೆ ತಾನಾಗಿ ಕಡಿಮೆಯಾಗುತ್ತೆ. ಬೆರಕೆ ಕೊಟ್ಟ ಬೀದಿ ಯಾವುದು ಅಂತ ಪೌರಕಾರ್ಮಿಕರ ಹತ್ತಿರ ದಿನವೂ ಬರೆಸಿ, ಮರುದಿನ ಅಲ್ಲಿಗೇ ಹೋಗಿ ಹೇಳಿ. ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡೋ ಹೋಟೆಲ್, ಕಲ್ಯಾಣಮಂಟಪಗಳು ಘನತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಬೃಹತ್ ಉತ್ಪಾದಕರು. ಮದುವೆ ಸೀಸನ್ನಿನಲ್ಲಿ ಅವರ ಅನ್ನ-ಸಾರು ಒಮ್ಮೆಗೇ ಬಂದು ಬಿದ್ದರೆ ರಾಶಿ ಹುಳಿಯುತ್ತೆ; ಮೊದಲೇ ದಿನಾಂಕ ಕೇಳಿಟ್ಟುಕೊಂಡು ಆ ದಿನ ಸಿಪ್ಪೆಯನ್ನು ದುಪ್ಪಟ್ಟು ಹಾಕಿ.