ಕಪ್ಪೆಯ ಗಾಯ ಕೊಳೆಯುವುದಿಲ್ಲ ಏಕೆ?

ಪ್ರಶ್ನೆ (ಬದಿಯಡ್ಕದ ಅಡಿಕೆ ಕೃಷಿಕ): ಅಕ್ಕಾ, ನಮಸ್ಕಾರ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಬಂದು ಬೀಳುವ ಹೊಂಡದ ಕೆಸರು ತೆಗೆಯುವಾಗ ಹಾರೆ ತಾಗಿ ಒಂದು ಕಪ್ಪೆಯ ತೊಡೆ ಸೀಳಿತು. ಅದೇ ಕೆಸರಿನಲ್ಲಿ ನನ್ನ ಕಾಲಿಗೂ ಗೀರಾಯಿತು. ಹತ್ತು ದಿನ ಕಳೆದರೂ ನನ್ನದರಲ್ಲಿ ಕೀವಿದೆ. ಕಪ್ಪೆಯ ಗಾಯ ಮಾತ್ರ ಬಿಳಿ ಗೆರೆಯಾಗಿ ಕೂಡಿಕೊಂಡಿದೆ. ಅದರ ಲೋಳೆಯಲ್ಲಿ ಔಷಧಿ ಇದೆಯೇ?

ಉತ್ತರ (ಸೂಕ್ಷ್ಮಜೀವಿ ತಜ್ಞೆ): ಇದೆ ಅಣ್ಣ. ಅಮೆರಿಕದ ಸಂಶೋಧಕ ಮೈಕೆಲ್ ಜಾಸ್ಲಾಫ್ ಅವರಿಗೂ ಇದೇ ಅಚ್ಚರಿಯಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿದ ಆಫ್ರಿಕಾದ ಕಪ್ಪೆಗಳನ್ನು ತೊಟ್ಟಿಯ ಕೊಳಕು ನೀರಿಗೆ ಬಿಟ್ಟರೂ ಹೊಲಿಗೆ ಕೊಳೆಯುತ್ತಿರಲಿಲ್ಲ. ಚರ್ಮವನ್ನು ಪರೀಕ್ಷಿಸಿದ ಅವರು 1987ರಲ್ಲಿ ಮ್ಯಾಗೈನಿನ್ ಎಂಬ ಪೆಪ್ಟೈಡ್ ಸಿಕ್ಕಿದ್ದನ್ನು ಪ್ರಕಟಿಸಿದರು. ಪ್ರೋಟೀನಿನಂತೆಯೇ ಅಮೈನೋ ಆಮ್ಲಗಳಿಂದಾದ, ಆದರೆ 23ರದ್ದೇ ಪುಟ್ಟ ಸರಪಳಿ ಅದು.

ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುದಾವೇಶ, ಪೆಪ್ಟೈಡಿನದು ಧನ. ಹಾಗಾಗಿ ಹೋಗಿ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಸಡಿಲ ದಾರದಂತಿದ್ದದ್ದು ಬ್ಯಾಕ್ಟೀರಿಯಾದ ಕೊಬ್ಬಿನ ಪೊರೆಯನ್ನು ಮುಟ್ಟಿದೊಡನೆ ಸುರುಳಿಯಾಗುತ್ತದೆ. ಸುರುಳಿಯ ಒಂದು ಮಗ್ಗುಲಿಗೆ ಕೊಬ್ಬು ಇಷ್ಟ, ಇನ್ನೊಂದಕ್ಕೆ ನೀರು. ಮೊದಲು ಪೊರೆಯ ಮೇಲೆ ಅಡ್ಡ ಮಲಗಿ ಕೊಬ್ಬಿನ ಅಣುಗಳನ್ನು ಅಗಲಿಸುತ್ತದೆ. ಒಂದೆರಡು ಬಂದರೆ ಏನೂ ಆಗದು. ಒತ್ತೊತ್ತಾಗಿ ಸೇರಿದಾಗ ಪೊರೆಯೇ ಒಳಕ್ಕೆ ಬಾಗಿ ತೂತಾಗುತ್ತದೆ. ಆ ತೂತಿನ ಅಂಚಿನಲ್ಲಿ ಪೆಪ್ಟೈಡೂ ಕೊಬ್ಬಿನ ಅಣುಗಳ ತಲೆಗಳೂ ಒಟ್ಟಿಗೆ ನಿಂತಿರುತ್ತವೆ. ಒಳಗಿನ ಪೊಟ್ಯಾಸಿಯಂ ಸೋರಿಹೋಗಿ, ಶಕ್ತಿ ತಯಾರಿಸಲಾಗದೆ ಜೀವಕೋಶ ಸಾಯುತ್ತದೆ.

ಸಾಬೂನಿಗೆ ನಮ್ಮದು, ಪರರದು ಎಂಬ ಭೇದವಿಲ್ಲ. ಎಲ್ಲ ಪೊರೆಯನ್ನೂ ಹರಿಯುತ್ತದೆ. ಮ್ಯಾಗೈನಿನ್ ಆಯ್ದು ಹರಿಯುತ್ತದೆ! ನಮ್ಮ ಜೀವಕೋಶಗಳ ಹೊರಪದರದ ಕೊಬ್ಬಿಗೆ ಹೆಚ್ಚುಕಡಿಮೆ ಆವೇಶವಿಲ್ಲ, ಜೊತೆಗೆ ಕೊಲೆಸ್ಟರಾಲ್ ಅದನ್ನು ಬಿಗಿಯಾಗಿಡುತ್ತದೆ.

ಪ್ರಶ್ನೆ (ಮಂಜೇಶ್ವರದ ನರ್ಸ್): ಹಾಗಿದ್ದರೆ ಮುಲಾಮು ಏಕೆ ಬರಲಿಲ್ಲ ಮೇಡಂ? ರೋಗಾಣುಗಳು ಇದಕ್ಕೂ ಒಗ್ಗಿಕೊಳ್ಳುತ್ತವೆಯೇ?

ಉತ್ತರ: ಮಧುಮೇಹಿಗಳ ಕಾಲಿನ ಹುಣ್ಣಿಗೆ ಮ್ಯಾಗೈನಿನ್ ಮಾದರಿಯ ಪೆಕ್ಸಿಗಾನಾನ್ ತಯಾರಿಸಿದ್ದರು, 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಗಲಿಲ್ಲ. ದೇಹದ ಕಿಣ್ವಗಳು ಪೆಪ್ಟೈಡನ್ನು ತುಂಡರಿಸುವುದೂ ಒಂದು ತೊಡಕು. ಒಗ್ಗಿಕೊಳ್ಳುವುದು ಹೌದು. ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ತನ್ನ ಪೊರೆಯ ಕೊಬ್ಬಿಗೆ ಲೈಸಿನ್ ಎಂಬ ಧನಾವೇಶದ ಅಮೈನೋ ಆಮ್ಲ ಜೋಡಿಸಿ ಋಣಾವೇಶವನ್ನು ತಗ್ಗಿಸಿಕೊಳ್ಳುತ್ತದೆ. ಇದರಂತೆಯೇ ಪೊರೆಯನ್ನೇ ಒಡೆಯುವ ಆ್ಯಂಟಿಬಯೋಟಿಕ್ ಕೊಲಿಸ್ಟಿನ್‌ಗೆ ಪ್ರತಿರೋಧ ಕೊಡುವ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟುವ ಜೀನ್ 2015ರಲ್ಲಿ ಚೀನಾದಿಂದ ವರದಿಯಾಯಿತು. ನಮ್ಮಲ್ಲಿ 2019ರಿಂದ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ನಿಷಿದ್ಧ. ಕೋಳಿ ಸಾಕುವವರು ದಯವಿಟ್ಟು ಇದನ್ನು ಮರೆಯಬೇಡಿ.

ಪ್ರಶ್ನೆ (ಕೃಷಿಕ): ಕಪ್ಪೆಯ ಲೋಳೆಯನ್ನೇ ಹಚ್ಚಿದರೆ?

ಉತ್ತರ: ಖಂಡಿತ ಬೇಡ ಅಣ್ಣ. ಕೆಲವು ಕಪ್ಪೆಗಳ ಚರ್ಮದಲ್ಲಿ ವಿಷವಿದೆ, ಲೋಳೆಯಲ್ಲಿ ಹೊಂಡದ ರೋಗಾಣುಗಳೂ ಇರುತ್ತವೆ. ಹತ್ತು ದಿನದ ಕೀವು ಸಣ್ಣ ವಿಷಯವಲ್ಲ, ಇವತ್ತೇ ವೈದ್ಯರಿಗೆ ತೋರಿಸಿ. ಜ್ವರ, ಮೈಕೈ ನೋವು ಇದ್ದರೆ ಕೆಸರಿಗೆ ಇಳಿದದ್ದನ್ನೂ ಹೇಳಿ, ಇಲಿಜ್ವರವಿರಬಹುದು. ಟಿಟಿ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು?