ಸಹಾಯ ಬೇಕು: ಹಳೇ ಎಕ್ಸ್‌ಬಾಕ್ಸ್ (ಟಿವಿಗೆ ಹಾಕಿ ಆಡೋ ಗೇಮ್ ಯಂತ್ರ) ರಿಪೇರಿ, ಜೊತೆಗೆ ಒಂದು ಡಬ್ಬಾ ಟಿವಿ

ನಮಸ್ಕಾರ, ಡೊಂಬಿವಲಿಯಲ್ಲಿ ಇದ್ದೇನೆ. ದೀಪಾವಳಿಗೆ ಚಿಕ್ಕಪ್ಪನ ಮಕ್ಕಳೆಲ್ಲ ಬರುತ್ತಾರೆ. ನಾಲ್ವರೂ ಕೂತು 2001ರ ಶೂಟಿಂಗ್ ಗೇಮ್ ಹೇಲೋ ಆಡಬೇಕು. ಒಂದೇ ಪರದೆ, ನಾಲ್ಕು ಚೌಕ. ಪಕ್ಕದವನ ಚೌಕ ಕದ್ದು ನೋಡಿ ಹೊಡೆಯೋದು, ಆಮೇಲೆ ಜಗಳ. ಆನ್‌ಲೈನ್‌ನಲ್ಲಿ ಆ ಮಜಾ ಎಲ್ಲಿ ಬರುತ್ತೆ, ಅಲ್ವಾ?

ತೊಂದರೆ ಏನಂದ್ರೆ, ಮೊದಲನೇ ಎಕ್ಸ್‌ಬಾಕ್ಸ್‌ನ ಗಡಿಯಾರದ ಕೆಪಾಸಿಟರ್ (ಒಳಗಿನ ಗಡಿಯಾರಕ್ಕೆ ವಿದ್ಯುತ್ ಹಿಡಿದಿಡೋ ಚಿಕ್ಕ ಭಾಗ) ಸೋರಿದೆ. ಬೋರ್ಡ್ ಮೇಲೆ ಅಂಟಂಟು ಕಂದು ಕಲೆ. ಈ ಮಾಡೆಲ್‌ಗೆ ಇದು ಮಾಮೂಲಿ ಕಾಯಿಲೆ. ಒಂದು ಅಂಗಡಿಯವರು ಬಿಚ್ಚಿಯೂ ನೋಡದೆ 'ಗುಜರಿಗೆ ಹಾಕಿ' ಅಂದರು! ಆ ಕೆಪಾಸಿಟರ್ ಕಿತ್ತು, ಬೋರ್ಡ್ ಸ್ವಚ್ಛ ಮಾಡಿ, ಹಾಳಾದ ಟ್ರ್ಯಾಕ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಜೋಡಿಸುವವರು ಮುಂಬೈನ ಲ್ಯಾಮಿಂಗ್ಟನ್ ರೋಡ್ ಕಡೆ ಯಾರಾದರೂ ಗೊತ್ತಾ? ಠಾಣೆ, ಕಲ್ಯಾಣ ಆದರೂ ಸರಿ.

ಹಳದಿ-ಬಿಳಿ-ಕೆಂಪು ಪಿನ್ ಹಾಕೋ ಹಳೇ ಟಿವಿ, ಎರಡು ಕಂಟ್ರೋಲರ್ ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಹೇಳಿ. ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.